ಸತ್ತವನ ತಮ್ಮ

ಸರಾಯ್ ಪಟ್ಟಣ
ಸಂತ ಮಿಕೇಲನ ಹಬ್ಬದ ಮಾರನೇ ದಿನ, 1338

ಅಮ್ಮಾ,

ಲುಕೀನೊ ಸತ್ತುಹೋಗಿದ್ದಾನೆ. ಈಗಲ್ಲ, ಬೇಸಿಗೆಯಲ್ಲೇ, ನೀವೆಲ್ಲ ಅಲ್ಲಿ ಸಂತ ಯೋಹಾನನ ಹಬ್ಬಕ್ಕೆ ಬೀದಿಯಲ್ಲಿ ಬೆಂಕಿ ಹಾಕುವ ವಾರದಲ್ಲಿ. ಅದಾದ ಮೇಲೆ ನಿನಗೆ ಎರಡು ಪತ್ರ ಬರೆದೆ. ಎರಡರಲ್ಲೂ ಅವನು ಚೆನ್ನಾಗಿದ್ದಾನೆ ಅಂತ ಬರೆದಿಲ್ಲ, ಬೇಕಾದರೆ ತೆಗೆದು ನೋಡು. ಅವನ ಹೆಸರನ್ನೇ ಬರೆದಿಲ್ಲ. ಸುಳ್ಳು ಹೇಳದೆ ಮುಚ್ಚಿಡುವುದು ನನಗೂ ಬರುತ್ತದೆ ಅಂತ ಆಗ ಗೊತ್ತಾಯಿತು. ಅದನ್ನು ಯಾರ ಮನೆಯಲ್ಲಿ ಕಲಿತೆ ಅಂತ ಈಗ ಯೋಚಿಸುತ್ತಿದ್ದೇನೆ.

ತಾನಾ ಬಂದರಿನಿಂದ ಇಲ್ಲಿಯವರೆಗೆ ಅವನಿಗೆ ಏನೂ ಆಗಿರಲಿಲ್ಲ. ಎತ್ತಿನ ಗಾಡಿಯ ಪಕ್ಕ ನಡೆಯುತ್ತಾ ನನ್ನ ಗಡ್ಡವನ್ನು ಆಡಿಕೊಳ್ಳುತ್ತಿದ್ದ. ರೇಷ್ಮೆಗಾಗಿ ಕತಾಯ್ ದೇಶಕ್ಕೆ ಹೋಗುವವರು ಗಡ್ಡ ಬೋಳಿಸಬಾರದು ಅಂತಾರಲ್ಲ, ಅವನದು ಪೊದೆಯಾಗಿತ್ತು, ನನ್ನದು ಬಾವಿ ಕಲ್ಲಿನ ಪಾಚಿ. "ಕತಾಯ್ ಮುಟ್ಟೋ ಹೊತ್ತಿಗಾದ್ರೂ ಬರುತ್ತೆ ಬಿಡು, ವರ್ಷದ ದಾರಿ ಇದೆ" ಅಂದಿದ್ದ. ಸರಾಯ್‌ಗೆ ಬಂದು ಒಂಟೆಗಳಿಗೆ ಕಾಯುತ್ತಿದ್ದಾಗ ಹೊಟ್ಟೆ ಕೆಟ್ಟಿತು. ಒಂದು ಮಧ್ಯಾಹ್ನ ನೀರು ಕೇಳಿದ. ತರುವಷ್ಟರಲ್ಲಿ ಬೇಡ ಅಂದ. ಸಂಜೆಗೆ ಮುಂಚೆ ಹೋದ. ನನಗೆ ಅಳು ಬರಲಿಲ್ಲ. ಈವರೆಗೂ ಬಂದಿಲ್ಲ.

ಸಾಯುವ ಮುಂಚೆ ಒಂದು ಮಾತು ಹೇಳಿದ. "ಅವರು ಬಂದು ಕೇಳ್ತಾರೆ. ತಮ್ಮ ಅಂತ ಹೇಳು. ಕುತ್ಲುನ ಬಿಡಬೇಡ. ಸುಳ್ಳೇನಲ್ಲ ಕಣೋ ಅದು." ಜ್ವರದ ಮಾತು ಅಂದುಕೊಂಡೆ. ಇಲ್ಲದಿದ್ದರೆ ವರ್ತಕರೆಲ್ಲ ಹೇಳುವ ಮಾತು. ಇಲ್ಲಿನ ಕಟ್ಟಳೆ ನಿನಗೂ ಗೊತ್ತಿದೆ. ದಾರಿಯಲ್ಲಿ ಸತ್ತವನ ಸರಕು ಆ ನೆಲದ ಒಡೆಯನಿಗೆ ಸೇರುತ್ತದೆ. ಅಣ್ಣನೋ ತಮ್ಮನೋ ಜೊತೆಗಿದ್ದರೆ ಮಾತ್ರ ಅವನ ಕೈಗೆ ಕೊಡುತ್ತಾರೆ. ಅದಕ್ಕೇ ಈ ದಾರಿಯಲ್ಲಿ ಎಲ್ಲರೂ ಎಲ್ಲರಿಗೂ ಅಣ್ಣತಮ್ಮಂದಿರು.

ಮಾರನೇ ಬೆಳಗ್ಗೆ ಸುಂಕದ ಅಧಿಕಾರಿ ತಾಯ್‌ಮಸ್ ಬಂದ. ವಯಸ್ಸಾದವನು, ಮಂಡಿ ನೋವು. ನಮ್ಮ ನಾರುಬಟ್ಟೆಯ ಮೂಟೆಯ ಮೇಲೇ ಕೂತುಕೊಂಡ.

"ಸತ್ತವನು ನಿನಗೇನಾಗಬೇಕು?"

"ಜೊತೆಗಾರ."

"ಜೊತೆಗಾರ ಅಂದ್ರೆ? ಅಣ್ಣ ತಾನೇ?"

ನಾವು ಇಳಿದುಕೊಂಡಿದ್ದ ಛತ್ರದ ಲಾನ್‌ಫ್ರಾಂಕೊ ಮಾಮ, ನಮ್ಮ ಹಾಗೇ ಜಿನೋವಾ ಊರಿನ ಕಡೆಯವನೇ, ಹಿಂದಿನಿಂದ ನನ್ನ ಬೆನ್ನಿಗೆ ತಿವಿದ.

"ಅಲ್ಲ" ಅಂದೆ.

ತಾಯ್‌ಮಸ್ ನನ್ನನ್ನೇ ನೋಡಿದ. "ಬಿಸಿಲು ಜೋರಾಗಿದೆ. ನಿನಗೆ ತಲೆ ಸುತ್ತುತ್ತಿರಬಹುದು. ಇನ್ನೊಂದ್ಸಲ ಕೇಳ್ತೀನಿ."

"ಅಲ್ಲ."

ಅವನ ಬರಹಗಾರ ಬರೆದುಕೊಂಡ. ಮೂಟೆಗಳು, ಗಾಡಿ, ಎತ್ತು, ತಾಮ್ರದ ಹಂಡೆ, ಒಬ್ಬ ಹೆಂಗಸು.

ಆ ಹೆಂಗಸು ಕುತ್ಲು. ತಾನಾದಲ್ಲಿ ಲುಕೀನೊ ಕೊಂಡವಳು. ಇಲ್ಲಿನ ಮಾತು ಬಲ್ಲವಳೊಬ್ಬಳು ದಾರಿಗೆ ಬೇಕು ಅಂತ ಎಲ್ಲ ವರ್ತಕರೂ ಕೊಳ್ಳುತ್ತಾರೆ, ಇವನೂ ಕೊಂಡ. ಆದರೆ ಉಳಿದವರ ಹಾಗೆ ಇಟ್ಟುಕೊಳ್ಳಲಿಲ್ಲ. ಗಾಡಿಯಲ್ಲಿ ಅವಳನ್ನು ಕೂರಿಸಿ ತಾನು ನಡೆಯುತ್ತಿದ್ದ. ಮುಂದಿನ ಪಟ್ಟಣ ಉರ್ಗೆಂಚ್ ಮುಟ್ಟಿದ ಮೇಲೆ ಪಾದ್ರಿಯ ಎದುರು ಬಿಡುಗಡೆ ಕೊಟ್ಟು ಕೈಹಿಡಿಯುತ್ತೇನೆ ಅಂತ ನನ್ನೆದುರೇ ಹೇಳಿದ್ದ. ಅವಳು ಅವನಿಗೆ ಬಸುರಿ. ಈಗ ಹೊಟ್ಟೆ ಕಾಣುತ್ತಿದೆ.

ಅವಳನ್ನು ಕರೆದುಕೊಂಡು ಹೋಗುವಾಗ ನನ್ನ ಹತ್ತಿರ ನಿಂತಳು. ಬೈಯುತ್ತಾಳೆ ಅಂದುಕೊಂಡೆ. ಬೈಯಲಿಲ್ಲ. "ನಿಮ್ಮಿಬ್ಬರ ಕಿವಿ ಒಂದೇ ಅಚ್ಚಿನದು. ಮಲಗಿದ್ರೆ ಇಬ್ರೂ ಎಡಗೈನ ಕತ್ತಿನ ಕೆಳಗೆ ಇಟ್ಕೋತೀರ. ಕುರುಡನಿಗೂ ಗೊತ್ತಾಗುತ್ತೆ. ನಿನಗೊಬ್ಬನಿಗೆ ಗೊತ್ತಿಲ್ವಾ?" ಅಂದಳು.

ಅವಳು ಈಗ ತಾಯ್‌ಮಸ್ ಮನೆಯಲ್ಲಿ ನೀರು ಹೊರುತ್ತಾಳೆ. ಚಳಿಗಾಲ ಮುಗಿದು ಹೊಳೆಯ ಮಂಜುಗಡ್ಡೆ ಒಡೆಯುವ ಹೊತ್ತಿಗೆ ಒಡೆಯನ ಡೇರೆಗಳು ಬಡಗಣಕ್ಕೆ ಹೊರಡುತ್ತವೆ. ಸತ್ತವರ ಸೊತ್ತೆಲ್ಲ ಆಗ ಹಂಚಿಹೋಗುತ್ತದೆ. ಅವಳೂ, ಹುಟ್ಟುವ ಮಗುವೂ. ಅದಕ್ಕೆ ಮುಂಚೆ ನಾನು ಬಂದು ಆಣೆ ಮಾಡಿ ಬೇರೆ ಮಾತು ಹೇಳಿದರೆ ಬರೆದದ್ದನ್ನು ಹೊಡೆದು ಹಾಕುತ್ತೇನೆ ಅಂತ ತಾಯ್‌ಮಸ್ ಹೇಳಿದ್ದಾನೆ.

ಅಮ್ಮಾ, ನಾನು ಕೇಳುವುದು ಇಷ್ಟೇ. ಲುಕೀನೊ ನನಗೆ ಏನಾಗಬೇಕಿತ್ತು?

ನಿನ್ನ ಮಗ
ಅನ್ಸಾಲ್ದೊ

*

ಕಾಫಾ
ಸಂತ ಮಾರ್ಟಿನನ ಹಬ್ಬ, 1338

ಪ್ರೀತಿಯ ಮಗ ಅನ್ಸಾಲ್ದೊನಿಗೆ ತಾಯಿ ಮಬಿಲಿಯಾಳ ಆಶೀರ್ವಾದಗಳು. ಪಾದ್ರಿ ಬೊನಿಫಾಚೊ ಅವರು ದಯಮಾಡಿ ನನ್ನ ಮಾತುಗಳನ್ನು ಬರೆದುಕೊಡುತ್ತಿದ್ದಾರೆ.

ನಮ್ಮ ಮನೆಯ ಸೇವಕ ಲುಕೀನೊ ದೈವಾಧೀನನಾದ ವಿಷಯ ತಿಳಿದು ದುಃಖವಾಯಿತು. ಅವನು ಬಾಲ್ಯದಿಂದಲೂ ನಮ್ಮ ಅನ್ನ ಉಂಡು ಬೆಳೆದವನು, ನಂಬಿಗಸ್ತ. ಅವನ ಆತ್ಮಕ್ಕಾಗಿ ಪೂಜೆ ಮಾಡಿಸಿದ್ದೇನೆ. ಬಟ್ಟೆಯ ಮೂಟೆಗಳು ಹೋದದ್ದು ದೇವರ ಚಿತ್ತ. ನಿನ್ನ ತಂದೆ ತೀರಿಕೊಂಡ ಮೇಲೆ ಇದಕ್ಕಿಂತ ದೊಡ್ಡ ಕಷ್ಟಗಳನ್ನು ದಾಟಿದ್ದೇವೆ.

ನೀನು ಬರೆದ ಆ ಹೆಂಗಸಿನ ವಿಷಯ ನಿನ್ನ ವಯಸ್ಸಿನವನು ತಲೆಗೆ ಹಚ್ಚಿಕೊಳ್ಳುವಂಥದ್ದಲ್ಲ. ದಾರಿಯಲ್ಲಿ ಇಂಥವು ನಡೆಯುತ್ತವೆ. ಕತಾಯ್ ದೇಶದ ಆಸೆ ಬಿಟ್ಟು, ಹೊಳೆ ಹೆಪ್ಪುಗಟ್ಟುವ ಮೊದಲು ಹೊರಟು ಬಾ. ನೋಟರಿಯ ಕಚೇರಿಯಲ್ಲಿ ನಿನಗಿನ್ನೂ ಜಾಗವಿದೆಯಂತೆ. ಅಲ್ಲಿ ಬಾಯಿ ಮುಚ್ಚಿಕೊಂಡು ಕೂರುವುದನ್ನು ಕಲಿತರೆ ಸಾಕು.

ಈ ಸಲ ಒಣ ಅಂಜೂರ ಚೆನ್ನಾಗಿ ಬಂದಿದೆ. ಅಡುಗೆಮನೆಯ ಹೆಂಚು ಗಾಳಿಗೆ ಹಾರಿತ್ತು, ಹೊದಿಸಿದ್ದಾಯಿತು. ಬೆಕ್ಕು ಸತ್ತಿತು.

ಹೂಳುವಾಗ ಲುಕೀನೊನ ತಲೆಯ ಮೇಲೆ ನೀಲಿ ಉಣ್ಣೆಯ ಟೋಪಿ ಇತ್ತೇ? ಅವನಿಗೆ ಕಿವಿ ಬೇಗ ತಣ್ಣಗಾಗುತ್ತಿತ್ತು. ಇದನ್ನು ಬರೆಯಬೇಕಾಗಿಲ್ಲ ಎಂದು ಪಾದ್ರಿಗಳು ಹೇಳುತ್ತಾರೆ. ಬರೆಯಿರಿ ಎಂದು ನಾನು ಕೇಳಿಕೊಂಡೆ.

ಸದಾ ನಿನಗಾಗಿ ಪ್ರಾರ್ಥಿಸುವ ತಾಯಿ
ಮಬಿಲಿಯಾ

*

ಸರಾಯ್ ಪಟ್ಟಣ
ಮೂರು ಅರಸರ ಹಬ್ಬ, 1339

ಅಮ್ಮಾ,

ಪತ್ರ ಬಂತು. ಅದರಲ್ಲಿ ನಿನ್ನದು ಅಂತ ನನಗೆ ಅನಿಸಿದ್ದು ಬೆಕ್ಕು ಮತ್ತು ಟೋಪಿ. ಉಳಿದದ್ದು ಪಾದ್ರಿಯದು.

ಟೋಪಿ ಹೂಳಲಿಲ್ಲ. ಕುತ್ಲು ಅದನ್ನು ಮೊದಲೇ ತೆಗೆದು ಬಟ್ಟೆಯೊಳಗೆ ಇಟ್ಟುಕೊಂಡಿದ್ದಳು. ಬರಹಗಾರನಿಗೆ ಸಿಗದೇ ಉಳಿದ ಒಂದೇ ವಸ್ತು ಅದು.

ಹೊಳೆ ಹೆಪ್ಪುಗಟ್ಟಿಹೋಗಿದೆ. ಜನ ಅದರ ಮೇಲೇ ಗಾಡಿ ಹೊಡೆಯುತ್ತಾರೆ. ನಾನು ಲಾನ್‌ಫ್ರಾಂಕೊ ಮಾಮನ ಛತ್ರದಲ್ಲಿ ಸಗಣಿ ಬೆರಣಿ ಒಟ್ಟುತ್ತೇನೆ, ಒಂಟೆಗಳಿಗೆ ಹುಲ್ಲು ಹಾಕುತ್ತೇನೆ, ಅವನು ಗಂಜಿಯನ್ನೂ ಉಪ್ಪುಮೀನನ್ನೂ ಕೊಡುತ್ತಾನೆ. ಎಡಗೈಯ ಎರಡು ಬೆರಳಿನ ತುದಿ ಬಿಳುಪಾಗಿ ಸ್ಪರ್ಶ ಹೋಗಿದೆ. ಸೂಜಿ ಚುಚ್ಚಿದರೂ ಗೊತ್ತಾಗುವುದಿಲ್ಲ. ಮೊದಲ ದಿನ ಭಯವಾಯಿತು. ಆಮೇಲೆ ಅಭ್ಯಾಸವಾಯಿತು. ಒಳಗೂ ಹೀಗೇ ಆಗಿರಬೇಕು ಅನಿಸುತ್ತದೆ, ಚುಚ್ಚಿ ನೋಡಲು ದಾರಿಯಿಲ್ಲ.

ದಿನಾ ಬೆಳಗ್ಗೆ ಹೊಳೆಯಲ್ಲಿ ಮಂಜುಗಡ್ಡೆ ಕೊರೆದ ತೂತಿನ ಹತ್ತಿರ ಕುತ್ಲು ನೀರಿಗೆ ಬರುತ್ತಾಳೆ. ಮೊದಮೊದಲು ನಾನಿದ್ದರೆ ಬೇರೆ ತೂತಿಗೆ ಹೋಗುತ್ತಿದ್ದಳು. ಈಗ ಹೊಟ್ಟೆ ದೊಡ್ಡದಾಗಿದೆ, ಅಷ್ಟು ದೂರ ಹೋಗಲಾರಳು. ಬಿಂದಿಗೆ ಎತ್ತಿಕೊಡಲು ಹೋದೆ.

"ಬೇಡ ಬಿಡು, ಗಡ್ಡ ಬಾರದವನೇ. ಇದು ಒಡೆಯನ ಬಿಂದಿಗೆ. ಹೊರೋಳು ಒಡೆಯನ ಹೆಂಗಸು. ನೀನೇ ಬರೆಸಿದ್ದಲ್ವಾ?"

"ನನಗೆ ಗೊತ್ತಿಲ್ಲದ್ದನ್ನು ಹೇಗೆ ಹೇಳಲಿ?" ಅಂದೆ.

"ನಿನ್ನ ಸತ್ಯ ನಿನ್ನ ಬಾಯಲ್ಲಿ ಬೆಚ್ಚಗಿದೆ" ಅಂದಳು. "ಚಳಿ ನನಗೆ."

 ಬಿಂದಿಗೆ ಹೊತ್ತು ಹೋದಳು. ದಡ ಹತ್ತುವಾಗ ಒಮ್ಮೆ ಜಾರಿದಳು, ಬೀಳಲಿಲ್ಲ.

ಲಾನ್‌ಫ್ರಾಂಕೊ ಮಾಮ ದಿನವೂ ಬೈಯುತ್ತಾನೆ. "ಒಂದು ಪದ ಕಣೋ! ಅಣ್ಣ ಅಂದ್ರೆ ನಾಲಿಗೆ ಏನು ಉದುರಿ ಹೋಗುತ್ತಾ? ಈ ದಾರೀಲಿ ಎಷ್ಟು ಹೆಣಕ್ಕೆ ಅಣ್ಣ ಆಗಿದ್ದೀನಿ ಗೊತ್ತಾ ನಾನು? ಒಬ್ಬ ವೆನಿಸಿನವನಿಗೂ ಆಗಿದ್ದೀನಿ. ಜಿನೋವಾದ ಹಗೆ ವೆನಿಸಿನವನಿಗೆ! ನಮ್ಮಪ್ಪ ಗೋರಿಯಿಂದ ಎದ್ದು ಬಂದು ಒದೀಬೇಕಿತ್ತು. ಬರಲಿಲ್ಲ ನೋಡು."

ಅವನು ಹೇಳುವುದು ಸರಿ ಇರಬಹುದು. ಆದರೆ ನನಗೆ ಆಗುವುದಿಲ್ಲ. ನಿನಗೆ ಗೊತ್ತಲ್ಲ, ಲೆಕ್ಕದ ಶಾಲೆಯಲ್ಲಿ ಮೇಷ್ಟ್ರು ತಮ್ಮ ಮೊಣಕೈ ತಗುಲಿಸಿ ಮಣೆ ಬೀಳಿಸಿ ಒಡೆದು, ಯಾರು ಒಡೆದದ್ದು ಅಂತ ಎಲ್ಲರನ್ನೂ ಕೇಳಿದರು. ನೀವೇ ಅಂದೆ. ಅಷ್ಟಕ್ಕೆ ಶಾಲೆ ಮುಗಿಯಿತು. ಅವತ್ತು ಮನೆಗೆ ಬಂದಾಗ ನೀನು ಮೂರು ದಿನ ಮಾತಾಡಲಿಲ್ಲ. ಲುಕೀನೊ ಹಿತ್ತಲಲ್ಲಿ ಹೊಟ್ಟೆ ಹಿಡಿದುಕೊಂಡು ನಕ್ಕ. ಬಿಸಿ ಕಡಲೆಹಿಟ್ಟಿನ ರೊಟ್ಟಿ ತಂದುಕೊಟ್ಟ.

ಇನ್ನೊಂದು ನೆನಪು ಇದೆ. ಅದು ನಿಜವೋ ನಾನೇ ಹುಟ್ಟಿಸಿಕೊಂಡದ್ದೋ ಅಂತ ಸುಮಾರು ದಿನ ಯೋಚಿಸಿದೆ. ನಿಜ. ನಾನು ತೀರ ಚಿಕ್ಕವನು, ಒಲೆಯ ಮುಂದೆ ಕೂತಿದ್ದೆ. ಲುಕೀನೊ ನನಗೆ ಮೀನಿನ ಮುಳ್ಳು ಬಿಡಿಸಿಕೊಡುತ್ತಿದ್ದ. ನಾನು ಅವನನ್ನು ಅಣ್ಣಾ ಅಂತ ಕರೆದೆ. ನೀನು ಬಂದು ಕೆನ್ನೆಗೆ ಹೊಡೆದೆ. ನೀನು ನನ್ನನ್ನು ಹೊಡೆದದ್ದು ಅದೊಂದೇ ಸಲ. ಆಮೇಲೆ ನಾನು ಅವನನ್ನು ಹೆಸರು ಹಿಡಿದೇ ಕರೆದೆ, ಹತ್ತು ವರ್ಷ ದೊಡ್ಡವನನ್ನು. ತಾಯ್‌ಮಸ್ ಕೇಳಿದಾಗ ನನ್ನ ಬಾಯಿಂದ ಅಲ್ಲ ಅಂತ ಅಷ್ಟು ಬೇಗ ಬಂದದ್ದು ಸತ್ಯಕ್ಕೋ ಆ ಏಟಿಗೋ, ನನಗೆ ಗೊತ್ತಿಲ್ಲ.

ಅಮ್ಮಾ, ಪಾದ್ರಿಯನ್ನು ಕರೆಯಬೇಡ. ನಾನು ಕಲಿಯುವಾಗ ಪಕ್ಕದಲ್ಲಿ ಕೂತು ನೀನೂ ಅಕ್ಷರ ಕಲಿತಿದ್ದೀಯ, ಯಾರಿಗೂ ಹೇಳಿಲ್ಲ ಅಷ್ಟೇ. ನೀನೇ ಬರೆ. ಹೌದು ಅನ್ನು, ಇಲ್ಲ ಅನ್ನು. ಇಲ್ಲ ಅಂದರೆ ನಾನು ವಾಪಸು ಬಂದು ನೋಟರಿಯ ಕಚೇರಿಯಲ್ಲಿ ಕೂರುತ್ತೇನೆ. ಆದರೆ ಹೊಳೆ ಒಡೆಯುವ ಮೊದಲು ಬರೆ.

ಅನ್ಸಾಲ್ದೊ

*

ಸರಾಯ್ ಪಟ್ಟಣ
ಮೇಣದಬತ್ತಿಯ ಹಬ್ಬ ಕಳೆದ ಎರಡನೇ ದಿನ, 1339

ಅಮ್ಮಾ,

ನಿನ್ನ ಉತ್ತರಕ್ಕೆ ಕಾಯದೆ ಇದನ್ನು ಬರೆಯುತ್ತಿದ್ದೇನೆ. ಚರ್ಮದ ವ್ಯಾಪಾರಿ ಒಬ್ಬ ನಾಳೆ ತಾನಾ ಕಡೆ ಹೊರಟಿದ್ದಾನೆ.

ಕುತ್ಲುಗೆ ಹೆರಿಗೆ ಆಯಿತು. ಹೆಣ್ಣು. ತಾಯ್‌ಮಸ್‌ನ ಹೆಂಡತಿ ಒಳ್ಳೆಯವಳು, ಬೆಂಕಿಯ ಹತ್ತಿರ ಜಾಗ ಕೊಟ್ಟಳಂತೆ. ನಾನು ಬಾಗಿಲಲ್ಲಿ ನಿಂತಿದ್ದೆ. ತಾಯ್‌ಮಸ್ ಹೊರಗೆ ಬಂದ. "ಹೆಣ್ಣು" ಅಂದ. ಆಮೇಲೆ ತನ್ನ ಮಂಡಿ ಉಜ್ಜಿಕೊಳ್ಳುತ್ತಾ, "ಬರಹಗಾರನಿಗೆ ಹೇಳಬೇಕು. ಬರೆಯದೇ ಇದ್ರೆ ನನ್ನ ತಲೆಗೆ ಬರುತ್ತೆ. ನಿನ್ನ ಮಾತಿನ್ನೂ ಬದಲಾಗಿಲ್ವಾ?" ಅಂತ ಕೇಳಿದ.

"ಅಮ್ಮನ ಪತ್ರ ಬರಬೇಕು."

"ನಿನಗೆ ಹುಚ್ಚು. ಅಣ್ಣನೋ ಅಲ್ಲವೋ ಅಂತ ತಿಳಿಯೋಕೆ ಅಮ್ಮನ ಕಾಗದ ಬೇಕಾ? ನಾನಾಗಿದ್ರೆ ಹೆಣದ ಮುಖ ನೋಡಿ ಹೇಳ್ತಿದ್ದೆ."

ಕುತ್ಲು ಮಗುವನ್ನು ತೋರಿಸಿದಳು.  ನೀಲಿ ಟೋಪಿಯನ್ನು ಅದರ ತಲೆಗೆ ಹಾಕಿದ್ದಳು, ಅದು ಭುಜದವರೆಗೂ ಇಳಿದಿತ್ತು. ಟೋಪಿಯನ್ನು ಒಂದು ಬದಿಗೆ ಸರಿಸಿದಳು. ಕಿವಿ ನೋಡಿದೆ.

ಇದಕ್ಕಿಂತ ಹೆಚ್ಚು ಬರೆಯಲು ಇಲ್ಲ. ಶಾಯಿಯೂ ಹೆಪ್ಪುಗಟ್ಟುತ್ತಿದೆ, ಉಸಿರಿನಿಂದ ಬೆಚ್ಚಗೆ ಮಾಡಿ ಬರೆಯುತ್ತಿದ್ದೇನೆ.

ಅ.

*

ಕಾಫಾ
ಬೂದಿ ಬುಧವಾರ ಕಳೆದ ವಾರ, 1339

ಪ್ರೀತಿಯ ಮಗ ಅನ್ಸಾಲ್ದೊನಿಗೆ ತಾಯಿಯ ಆಶೀರ್ವಾದಗಳು. ಮೂರು ಅರಸರ ಹಬ್ಬದಂದು ನೀನು ಬರೆದ ಪತ್ರ ತಲುಪಿದೆ. ಹೆತ್ತವರನ್ನು ಹೀಗೆ ಪ್ರಶ್ನಿಸುವುದು ದೇವರ ಕಟ್ಟಳೆಗೆ ಹೊರತು. ತೀರಿಹೋದ ನಿನ್ನ ತಂದೆಯ ಹೆಸರಿಗೆ ಕಳಂಕ ತರುವ ಮಾತುಗಳನ್ನು ಉಪವಾಸದ ಈ ಪುಣ್ಯ ದಿನಗಳಲ್ಲಿ ಆಡದಿರುವುದು ಲೇಸು. ದೂರದ ನಾಡಿನಲ್ಲಿ ಇರುವ ಯುವಕರ ಮನಸ್ಸನ್ನು

ಅನ್ಸಾ, ಪಾದ್ರಿ ಗಂಟೆ ಹೊಡೆಯಲು ಹೋದರು. ಮೇಲಿನದು ಅವರದು. ಇನ್ನು ನಾನು ಬರೀತೀನಿ. ಅಕ್ಷರ ದೊಡ್ಡ ಆಗುತ್ತೆ, ಸಾಲು ಕೆಳಗೆ ಹೋಗುತ್ತೆ. ಬೈಬೇಡ.

ನಿನಗಿಂತ ಮುಂಚೆ ನನಗೆ ಒಂದು ಗಂಡು ಮಗು ಆಗಿತ್ತು. ಏಳು ದಿನ ಬದುಕಿತ್ತು. ಹಾಲು ಕಟ್ಟಿಕೊಂಡು ಜ್ವರ ಬಂತು. ಆಗ ಮನೆಯಲ್ಲಿ ಒಬ್ಬಳು ಇದ್ದಳು, ಕೊಂಡು ತಂದವಳು, ಅಡಿಗೆ ಮಾಡುತ್ತಿದ್ದಳು. ಹೆಸರು ಮರ್ತಾ ಅಂತ ನಾವು ಇಟ್ಟಿದ್ದು, ಅವಳ ಹೆಸರು ಏನೋ ನಾನು ಕೇಳಲಿಲ್ಲ. ಅವಳಿಗೂ ಗಂಡು ಮಗು, ನನ್ನದಕ್ಕಿಂತ ಒಂದು ತಿಂಗಳು ದೊಡ್ಡದು. ಅದು ಯಾರ ಮಗು ಅಂತ ಕೇಳಬೇಡ. ಕಿವಿ ವಿಷಯ ನೀನೇ ಬರೆದಿದ್ದೀಯ.

ಅವಳು ಆ ಮಗೂಗೆ ಹಾಲು ಕೊಡೋದು ನನಗೆ ನೋಡೋಕೆ ಆಗಲಿಲ್ಲ. ಅವಳನ್ನು ಮಾರಿ ಅಂದವಳು ನಾನು. ನಿನ್ನ ಅಪ್ಪ ಬೇಡ ಅಂದರು. ನಾನು ಅನ್ನ ಬಿಟ್ಟೆ. ಆಮೇಲೆ ಮಗೂನ ಇಲ್ಲೇ ಇಟ್ಟುಕೊಂಡು ಅವಳೊಬ್ಬಳನ್ನೇ ಹಡಗು ಹತ್ತಿಸಿದರು. ಅವಳ ಹಾಲು ಇನ್ನೂ ಬತ್ತಿರಲಿಲ್ಲ. ರವಿಕೆ ಒದ್ದೆ ಆಗಿತ್ತು. ನಾನು ಕಿಟಕಿಯಿಂದ ನೋಡಿದೆ.

ಮಗು ಅಳುತ್ತಿತ್ತು. ಎತ್ತಿಕೊಂಡೆ. ನನ್ನ ಹಾಲು ಕುಡೀತು. ಎರಡು ವರ್ಷ ಕುಡೀತು. ನೀನು ಕುಡಿದ ಎದೇನೇ.

ನಿನ್ನ ಕೆನ್ನೆಗೆ ಹೊಡೆದಿದ್ದು ನೆನಪಿದೆ. ಅವನು ಮೀನು ಅಲ್ಲೇ ಇಟ್ಟು ಎದ್ದು ಹೋದ. ಆವತ್ತಿಂದ ಅವನು ಬೀದಿ ಬಾಗಿಲಲ್ಲಿ ಒಳಗೆ ಬರಲಿಲ್ಲ. ಹಿತ್ತಲ ಬಾಗಿಲಲ್ಲೇ ಬರುತ್ತಿದ್ದ, ಎಣ್ಣೆ ಜಾಡಿ ಪಕ್ಕ ಮಲಗುತ್ತಿದ್ದ. ಬರಬೇಡ ಅಂತ ನಾನು ಹೇಳಲಿಲ್ಲ. ಬಾ ಅಂತಲೂ ಹೇಳಲಿಲ್ಲ. ಹೊರಡೋ ದಿನ ಟೋಪಿ ಕೊಟ್ಟೆ. ನೀವೇ ಹೊಲಿದಿದ್ದಾ ಅಮ್ಮಾವರೇ ಅಂತ ಕೇಳಿದ. ಹೂಂ ಅಂದೆ. ಅಷ್ಟೇ.

ಅವನು ನಿನಗೆ ಏನಾಗಬೇಕು ಅಂತ ಕೇಳಿದೆ. ಇದು ಉತ್ತರ. ಆಣೆ ಮಾಡೋ ಹಾಗಿದ್ದರೆ ಮಾಡು.

ಗಂಟೆ ನಿಂತಿತು. ಪಾದ್ರಿ ಬರುತ್ತಾರೆ. ಮಡಿಸುತ್ತೇನೆ.

ಅಮ್ಮ

*

ಸರಾಯ್ ಪಟ್ಟಣ
ಗರಿಗಳ ಭಾನುವಾರದ ಮಾರನೇ ದಿನ, 1339

ಅಮ್ಮಾ,

ನಿನ್ನ ಪತ್ರ ಬಂದ ದಿನ ಹೊಳೆ ಸದ್ದು ಮಾಡಲು ಶುರುಮಾಡಿತ್ತು. ಗಾಡಿಗಳು ಅದರ ಮೇಲೆ ಓಡಾಡುವುದು ನಿಂತಿತ್ತು. ಒಡೆಯನ ಮುಂದಿನ ಡೇರೆಗಳು ಆಗಲೇ ಹೊರಟುಹೋಗಿದ್ದವು.

ಓದಿ ಮುಗಿಸಿ ಹಾಗೇ ತಾಯ್‌ಮಸ್ ಹತ್ತಿರ ಹೋದೆ. ನಾನು ಓದಿದ್ದನ್ನು ಕೇಳಿಸಿಕೊಂಡ ಲಾನ್‌ಫ್ರಾಂಕೊ ಮಾಮನೂ ಹಿಂದೆ ಓಡಿಬಂದ. ಕೇಳುವ ಮೊದಲೇ, "ಹಾಲು ಕುಡಿಸೋವಾಗ ನಾನು ಪಕ್ಕದಲ್ಲೇ ಇದ್ದೆ, ಒಡೆಯಾ!" ಅಂತ ಆಣೆ ಇಡಲು ಹೊರಟ. ಅವನು ಇರಲಿಲ್ಲ ಅಂತ ನಾನು ಹೇಳಿದೆ. ಅವನು ತಲೆ ಚಚ್ಚಿಕೊಂಡ. ತಾಯ್‌ಮಸ್ ನಕ್ಕ. ಆ ಮನುಷ್ಯ ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು.

ಏನಿದೆಯೋ ಅದನ್ನೇ ಹೇಳಿದೆ. ನನ್ನ ತಾಯಿಯ ಹಾಲು ಕುಡಿದು ಬೆಳೆದವನು ಲುಕೀನೊ, ನಾನೂ ಅದನ್ನೇ ಕುಡಿದದ್ದು ಅಂದೆ.

"ಹಾಲಾ?" ಅಂದ ತಾಯ್‌ಮಸ್. "ನಮ್ಮಲ್ಲಿ ಒಂದೇ ಎದೆ ಹಾಲು ಕುಡಿದವರ ನಡುವೆ ಮದುವೆ ಕೂಡ ಆಗೋ ಹಾಗಿಲ್ಲ. ಅಣ್ಣತಮ್ಮ ಅನ್ನದೆ ಇನ್ನೇನಂತಾರೆ? ಹಾಗಾದ್ರೆ ಹೇಳು, ಬೇಸಿಗೆಯಲ್ಲಿ ಹೇಳಿದ್ದು ಸುಳ್ಳೋ, ಈಗ ಹೇಳ್ತಿರೋದು ಸುಳ್ಳೋ?"

"ಎರಡು ಸಲವೂ ನನಗೆ ಗೊತ್ತಿದ್ದದ್ದನ್ನೇ ಹೇಳಿದೆ."

"ಗೊತ್ತಿದ್ದದ್ದು! ಅಷ್ಟು ಗೊತ್ತಾಗೋಕೆ ಒಂದು ಚಳಿಗಾಲ ಆ ಹೆಣ್ಣಿನ ಕೈಲಿ ನೀರು ಹೊರಿಸಿದೆಯಲ್ಲೋ."

ಶಿಲುಬೆ ಮುಟ್ಟಿ ಆಣೆ ಮಾಡಿದೆ. ಆ ಪದ ಹೇಳುವಾಗ ಕೆನ್ನೆ ಬಿಸಿಯಾಗುತ್ತದೆ ಅಂದುಕೊಂಡಿದ್ದೆ. ಏನೂ ಆಗಲಿಲ್ಲ. ಅಣ್ಣ ಅಂದೆ, ಬರಹಗಾರ ಬರೆದುಕೊಂಡ. ಲುಕೀನೊ ಇದ್ದಾಗ ಒಂದು ಸಲ ಕರೆದು, ಹೊಡೆತ ತಿಂದೆ. ಎರಡನೇ ಸಲ ಕರೆದದ್ದು ಸುಂಕದ ಕಟ್ಟೆಯ ಮುಂದೆ.

ನಾರುಬಟ್ಟೆ ಹೋಗಿದೆ. "ರಾಣಿವಾಸದವರು ಅಂಗಿ ಹೊಲಿಸಿಕೊಂಡಾಯ್ತು, ಬಿಚ್ಚಿಸಿ ತರಲಾ?" ಅಂದ ತಾಯ್‌ಮಸ್. ಎತ್ತುಗಳನ್ನು ಹಬ್ಬಕ್ಕೆ ತಿಂದಿದ್ದಾರೆ. ಗಾಡಿ ಉಳಿದಿದೆ, ಎಳೆಯಲು ಲಾನ್‌ಫ್ರಾಂಕೊ ಮಾಮ ಒಂದು ಮುದಿ ಕುದುರೆ ಕೊಟ್ಟಿದ್ದಾನೆ. ಕತಾಯ್ ಕಡೆಗೆ ಹೋಗುವ ಒಂಟೆಗಳು ಬೇರೆಯವರ ಸರಕು ಹೊತ್ತು ಮೊನ್ನೆ ಹೋದವು. ನೋಡುತ್ತಾ ನಿಂತಿದ್ದೆ. ಹೋಗಬೇಕು ಅಂತ ಶಾಲೆ ಬಿಟ್ಟ ದಿನದಿಂದ ಆಸೆಪಟ್ಟಿದ್ದೆ. ಆ ಆಸೆ ಎಲ್ಲಿ ಹೋಯಿತೋ ತಿಳಿಯಲಿಲ್ಲ.

ಸೊತ್ತು ತಲುಪಿದೆ ಅಂತ ಗುರುತು ಹಾಕು ಅಂದರು. ಒಬ್ಬ ಹೆಂಗಸು, ಒಂದು ಶಿಶು. ಹಾಕಿದೆ. ಮೂಟೆಗಳಿಗೆ ಹಾಕುವಷ್ಟೇ ಸಲೀಸಾಗಿ. ಅದನ್ನು ನಿನಗೆ ತಿಳಿಸದೆ ಬಿಡುವ ಹಾಗಿಲ್ಲ. ಅಲ್ಲಿಂದ ನೇರ ಇಲ್ಲಿನ ಪಾದ್ರಿಗಳ ಹತ್ತಿರ ಕರೆದುಕೊಂಡು ಹೋಗಿ ಕುತ್ಲುಗೆ ಬಿಡುಗಡೆ ಬರೆಸಿದೆ, ಮಗುವಿಗೂ. ಮಗುವಿಗೆ ಹೆಸರು ಕೇಳಿದರು.  ಇನ್ನೂ ಇಟ್ಟಿಲ್ಲ ಅಂದಳು.

ಹೊರಗೆ ಬಂದ ಮೇಲೆ ಹೇಳಿದೆ, "ಇನ್ನು ನೀನು ಎಲ್ಲಿಗೆ ಬೇಕಾದರೂ ಹೋಗಬಹುದು."

"ಎಲ್ಲಿಗೆ? ನನ್ನ ಮಾರಿದ್ದು ನನ್ನ ಚಿಕ್ಕಪ್ಪ. ಅವನ ಮನೆಗೆ ಹೋಗಿ ಮಗು ಆಗಿದೆ, ತೊಟ್ಟಿಲು ಕಟ್ಟು ಅನ್ನಲಾ?"

ಮಗುವನ್ನು ಎದೆಗೆ ಒತ್ತಿಕೊಂಡು ಗಾಡಿಯ ಮೂಕಿಯ ಮೇಲೆ ಕೂತಳು. ಆಮೇಲೆ, "ನಿನ್ನಮ್ಮ ಏನು ಬರೆದಿದ್ದಾಳೆ, ಓದು" ಅಂದಳು.

ಓದಿದೆ. ಪೂರ್ತಿ ಓದಿದೆ ಅಮ್ಮಾ. ಮಾರಿ ಅಂದವಳು ನಾನು ಅನ್ನುವ ಸಾಲನ್ನೂ, ಕಿಟಕಿಯಿಂದ ನೋಡಿದ್ದನ್ನೂ. ನಡುವೆ ಬಿಟ್ಟು ಓದಬಹುದಿತ್ತು. ಬಿಡಲಿಲ್ಲ. ಅವಳ ಮುಖದಲ್ಲಿ ಏನೂ ಕಾಣಲಿಲ್ಲ. ಮಗು ಹಾಲು ಕುಡಿದು ಮುಗಿಸಿತು, ಅದರ ಬಾಯಿ ಒರೆಸಿದಳು. ಹೊಳೆಯಲ್ಲಿ ಮಂಜುಗಡ್ಡೆ ಒಡೆಯುವ ಸದ್ದು ಕೇಳುತ್ತಿತ್ತು.

"ಮಾರಿಸಿದ್ದನ್ನ ಯಾರೂ ಕೇಳಿರಲಿಲ್ಲ ನಿನ್ನಮ್ಮನ್ನ. ಆದ್ರೂ ಬರೆದಳು" ಅಂದಳು.

ಆಮೇಲೆ ಕೇಳಿದಳು. "ನಾನು ಬಂದ್ರೆ ಯಾವ ಬಾಗಿಲು ತೆಗೀತಾಳೆ?"

"ಗೊತ್ತಿಲ್ಲ" ಅಂದೆ.

"ಗೊತ್ತಿದೆ ಅಂತ ಹೇಳಿದ್ರೆ ನಾನು ಬರ್ತಿರಲಿಲ್ಲ" ಅಂದಳು. ಟೋಪಿಯನ್ನು ಮಗುವಿನ ಕಿವಿ ಮುಚ್ಚುವ ಹಾಗೆ ಎಳೆದಳು.

ಅಮ್ಮಾ, ಮರ್ತಾ ಅನ್ನುವವಳ ಬಗ್ಗೆ ನಿನಗೆ ಏನು ಹೇಳಬೇಕೋ ನನಗೆ ತಿಳಿಯುತ್ತಿಲ್ಲ. ನಿನ್ನ ಮೇಲೆ ಸಿಟ್ಟು ಬರಬೇಕಿತ್ತು. ಬಂದಿಲ್ಲ. ಬೆರಳಿನ ತುದಿಗೆ ಮೊನ್ನೆಯಿಂದ ಚುಮುಚುಮು ಅನ್ನುತ್ತಿದೆ. ಜೀವ ಬರುವಾಗ ನೋಯುತ್ತದೆ ಅಂತ ಲಾನ್‌ಫ್ರಾಂಕೊ ಮಾಮ ಹೇಳುತ್ತಾನೆ. ಸಿಟ್ಟು ಆಮೇಲೆ ಬಂದರೆ ಬರಲಿ. ಆಗ ನಿನ್ನೆದುರಿಗೇ ಹೇಳುತ್ತೇನೆ, ಮುಚ್ಚಿಡುವುದಿಲ್ಲ.

ನಾನು ಅವರಿಬ್ಬರನ್ನು ಬೀದಿ ಬಾಗಿಲಿಗೇ ಕರೆದುಕೊಂಡು ಬರುತ್ತೇನೆ. ತಟ್ಟುತ್ತೇನೆ. ತೆಗೆಯುವುದು ನಿನಗೆ ಬಿಟ್ಟದ್ದು. ತೆಗೆಯದಿದ್ದರೆ ನಾವು ಹಿತ್ತಲಿಗೆ ಬರುವುದಿಲ್ಲ.

ಈ ಪತ್ರವನ್ನು ಕುದುರೆಯ ಮೇಲೆ ಹೋಗುವವನ ಕೈಗೆ ಕೊಡುತ್ತಿದ್ದೇನೆ, ನಮಗಿಂತ ಮೊದಲು ಮುಟ್ಟುತ್ತದೆ. ಗಾಡಿಗೆ ಹೊದಿಕೆ ಕಟ್ಟಿ ಆಯಿತು. ಹೊಳೆಯ ಈಚೆ ದಡದ ದಾರಿ ಕೆಸರು, ಆದರೆ ಹೋಗಬಹುದಂತೆ.

ನಾಳೆ ಬೆಳಗ್ಗೆ ಹೊರಡುತ್ತೇವೆ.

ಲುಕೀನೊನ ತಮ್ಮ
ಅನ್ಸಾಲ್ದೊ